ಹೆಸರು ಮುಚ್ಚಿಟ್ಟು ಬರ್ಬನ್ ಹೋಲಿಸುವುದು: ಮನೆಯಲ್ಲೇ ಬ್ಲೈಂಡ್ ಟೇಸ್ಟಿಂಗ್ ಮಾಡಲು ಸಮಗ್ರ ಮಾರ್ಗದರ್ಶಿ

ಮೂರು ನಾಲ್ಕು ಬಗೆಯ ಅಗ್ಗದ ಬರ್ಬನ್ (ಮುಖ್ಯವಾಗಿ ಮೆಕ್ಕೆಜೋಳದಿಂದ ಮಾಡುವ ಅಮೆರಿಕದ ವಿಸ್ಕಿ) ತಂದು, ಹೆಸರು ಕಾಣದಂತೆ ಗ್ಲಾಸಿಗೆ ಹಾಕಿ, ರುಚಿ ನೋಡಿ, ಅಂಕ ಕೊಟ್ಟು, ಒಂದನ್ನು ಗೆಲ್ಲಿಸಿರುತ್ತಾರೆ. ಎರಡು ವಾರ ಬಿಟ್ಟು ಅದೇ ಬಾಟಲಿಗಳನ್ನು ಮತ್ತೆ ಕೂರಿಸಿದರೆ ಗೆದ್ದದ್ದು ಕೊನೆಗೆ ಬಿದ್ದಿರುತ್ತದೆ. "ನನ್ನ ನಾಲಿಗೆಗೆ ಇದೆಲ್ಲ ಗೊತ್ತಾಗುವುದಿಲ್ಲ ಬಿಡಿ" ಎಂದು ಅಲ್ಲಿಗೇ ಕೈಬಿಡುತ್ತಾರೆ. ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ವಿಚಾರಿಸಿ ನೋಡಿದರೆ ಹೆಚ್ಚಿನವರ ನಾಲಿಗೆ ಚೆನ್ನಾಗಿಯೇ ಇರುತ್ತದೆ. ಕೆಲಸ ಕೆಟ್ಟಿರುವುದು ಮೊದಲ ಗುಟುಕಿಗೂ ಮುಂಚೆ: ಒಂದು ಗ್ಲಾಸಿನಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ; ಒಂದರಲ್ಲಿ ಆಲ್ಕೋಹಾಲ್ ಶೇ. 40, ಪಕ್ಕದ್ದರಲ್ಲಿ ಶೇ. 50; ಸುರಿದವರು ಎದುರಿಗೇ ಕೂತು ಮುಖ ನೋಡುತ್ತಿದ್ದಾರೆ.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ತಮ್ಮ ತೀರ್ಪು ಎಷ್ಟು ಗಟ್ಟಿ ಎಂದು ಅಳೆಯಲು ಅವರ ಬಳಿ ಏನೂ ಇರುವುದಿಲ್ಲ. ಅದಕ್ಕೆ ಬೇಕಾದದ್ದು ಒಂದೇ ಒಂದು ಹೆಚ್ಚಿನ ಗ್ಲಾಸು. ಮೂರು ಬರ್ಬನ್ ಹೋಲಿಸುವಾಗ ನಾಲ್ಕು ಗ್ಲಾಸು ಇಡಿ, ಅವುಗಳಲ್ಲಿ ಎರಡಕ್ಕೆ ಒಂದೇ ಬಾಟಲಿಯಿಂದ ಹಾಕಿ. ಇವನ್ನು ಅವಳಿ ಗ್ಲಾಸು ಎಂದು ಕರೆಯುತ್ತೇನೆ. ಒಂದೇ ಬರ್ಬನ್‌ಗೆ ನೀವು ಒಮ್ಮೆ ಮೊದಲ ಸ್ಥಾನವನ್ನೂ ಇನ್ನೊಮ್ಮೆ ಕೊನೆಯ ಸ್ಥಾನವನ್ನೂ ಕೊಟ್ಟಿದ್ದರೆ, ಆ ಸಂಜೆಯ ಪಟ್ಟಿಯನ್ನು ನಂಬುವ ಹಾಗಿಲ್ಲ. ಮುಂದಿನ ಹಂತಗಳೆಲ್ಲ ಈ ಅವಳಿಯ ಸುತ್ತ ಕಟ್ಟಿದವು. ಕ್ರಮ ತಪ್ಪಿಸದೆ ಮಾಡಿ.

ಹಂತ 1: ಯಾವ ಪ್ರಶ್ನೆಗೆ ಉತ್ತರ ಬೇಕು?

ಎರಡು ಬೇರೆ ಬೇರೆ ಪ್ರಶ್ನೆಗಳಿವೆ, ಜನ ಅವನ್ನು ಕಲಸಿಬಿಡುತ್ತಾರೆ. "ಬಾಟಲಿಯಲ್ಲಿ ಬಂದ ಹಾಗೆಯೇ ಕುಡಿದರೆ ನನಗೆ ಯಾವುದು ಇಷ್ಟ?" ಎನ್ನುವುದು ಒಂದು. "ಆಲ್ಕೋಹಾಲ್ ಪ್ರಮಾಣ ಸಮ ಮಾಡಿದ ಮೇಲೂ ಯಾವುದರ ರುಚಿ ಮೇಲು?" ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ನೀರು ಸೇರಿಸಬಾರದು, ಎರಡನೆಯದಕ್ಕೆ ಅಳೆದು ಸೇರಿಸಬೇಕು. ಯಾವುದೆಂದು ಈಗಲೇ ತೀರ್ಮಾನಿಸಿ ಕಾಗದದ ತಲೆಯ ಮೇಲೆ ಬರೆದಿಡಿ. ಮಧ್ಯದಲ್ಲಿ ಮನಸ್ಸು ಬದಲಿಸಿದರೆ ಎರಡಕ್ಕೂ ಉತ್ತರ ಸಿಗುವುದಿಲ್ಲ.

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ: ಪ್ರಮಾಣ ಹೆಚ್ಚುಕಡಿಮೆ ಒಂದೇ ಇರುವ ಬಾಟಲಿಗಳನ್ನೇ ಆರಿಸಿಕೊಳ್ಳಿ. ಆಗ ಎರಡು ಪ್ರಶ್ನೆಗಳೂ ಒಂದೇ ಆಗುತ್ತವೆ, ನೀರಿನ ಗೋಜೇ ಇರುವುದಿಲ್ಲ.

ಹಂತ 2: ಬಾಟಲಿಗಳ ಆಯ್ಕೆ

ನಾನಿಲ್ಲಿ ಅಗ್ಗ ಎನ್ನುತ್ತಿರುವುದು ಅಮೆರಿಕದ ಅಂಗಡಿಗಳಲ್ಲಿ 750 ಮಿಲಿ ಬಾಟಲಿಗೆ ಸುಮಾರು 30 ಡಾಲರ್ ಆಸುಪಾಸಿನ ಅಥವಾ ಅದಕ್ಕಿಂತ ಕಡಿಮೆಯ ಸರಕಿಗೆ. ತೆರಿಗೆ ಒಂದೊಂದು ರಾಜ್ಯದಲ್ಲಿ ಒಂದೊಂದು ತರ ಇರುವುದರಿಂದ ಬೆಲೆ ಅತ್ತಿತ್ತ ಆಗುತ್ತದೆ.

ಒಂದು ಸಂಜೆಗೆ ಮೂರು ಬರ್ಬನ್ ಸಾಕು, ಹೆಚ್ಚು ಬೇಡ. ಕೈಗೆ ಸಿಕ್ಕಿದ ಮೂರನ್ನು ತರುವ ಬದಲು ಒಂದಕ್ಕೊಂದು ತೂಗುವಂಥವನ್ನು ತನ್ನಿ. ಲೇಬಲ್ ಓದಲು ಗೊತ್ತಿದ್ದರೆ ಇದು ಸುಲಭ. ಬರ್ಬನ್‌ನ ಧಾನ್ಯದಲ್ಲಿ ಕನಿಷ್ಠ ಶೇ. 51 ಮೆಕ್ಕೆಜೋಳ ಇರಲೇಬೇಕೆಂದು ಅಮೆರಿಕದ ಕಾನೂನು ಹೇಳುತ್ತದೆ. ಉಳಿದ ಪಾಲಿನಲ್ಲಿ ಸಾಮಾನ್ಯವಾಗಿ ಮಾಲ್ಟ್ ಮಾಡಿದ (ಮೊಳಕೆ ಬರಿಸಿ ಒಣಗಿಸಿದ) ಬಾರ್ಲಿಯ ಜೊತೆಗೆ ರೈ ಎಂಬ ಧಾನ್ಯ ಇರುತ್ತದೆ, ಕೆಲವದರಲ್ಲಿ ರೈ ಬದಲು ಗೋಧಿ. ರೈ ಹೆಚ್ಚಿದ್ದರೆ ಮೆಣಸು, ಲವಂಗದ ಕಡೆಗೆ ವಾಲುವ ಖಾರ ಸಿಗುತ್ತದೆ. ಗೋಧಿಯಿದ್ದರೆ ಬಾಯಿಗೆ ಮೆತ್ತಗೆ, ಸಿಹಿ ಮುಂದೆ. "ಸ್ಟ್ರೇಟ್" ಎಂದಿದ್ದರೆ ಕನಿಷ್ಠ ಎರಡು ವರ್ಷ ಪೀಪಾಯಿಯಲ್ಲಿತ್ತು ಎಂದರ್ಥ. ನಾಲ್ಕು ವರ್ಷಕ್ಕಿಂತ ಕಡಿಮೆ ವಯಸ್ಸಿನದಾದರೆ ಸ್ಟ್ರೇಟ್ ಬರ್ಬನ್ ತನ್ನ ವಯಸ್ಸನ್ನು ಲೇಬಲ್ ಮೇಲೆ ಹೇಳಲೇಬೇಕು. "ಬಾಟಲ್ಡ್ ಇನ್ ಬಾಂಡ್" ಎಂಬುದು 1897ರ ಕಾಯ್ದೆಯಿಂದ ಬಂದ ಹೆಸರು: ಒಂದೇ ಡಿಸ್ಟಿಲರಿಯಲ್ಲಿ (ಭಟ್ಟಿ ಇಳಿಸುವ ಕಾರ್ಖಾನೆ), ಒಂದೇ ಹಂಗಾಮಿನಲ್ಲಿ ಇಳಿಸಿದ್ದು, ಪೀಪಾಯಿಯಲ್ಲಿ ಕನಿಷ್ಠ ನಾಲ್ಕು ವರ್ಷ, ಆಲ್ಕೋಹಾಲ್ ಸರಿಯಾಗಿ ಶೇ. 50. ಅಗ್ಗದ ಬಾಟಲಿಗಳ ನಡುವೆ ಈ ಮೂರು ಪದ ಕಂಡರೆ ನಾನು ಎರಡನೇ ಮಾತಿಲ್ಲದೆ ಕೈಗೆತ್ತಿಕೊಳ್ಳುತ್ತೇನೆ.

ಪ್ರಮಾಣ ಓದುವಾಗ ಒಂದು ಎಚ್ಚರ. ಅಮೆರಿಕದ ಲೇಬಲ್‌ನಲ್ಲಿ ಪ್ರೂಫ್ ಎಂದು ಕಂಡರೆ ಅದರ ಅರ್ಧ ಶೇಕಡಾ ಪ್ರಮಾಣ: 86 ಪ್ರೂಫ್ ಎಂದರೆ ಶೇ. 43.

ನೀರಿನ ಹಂಗಿಲ್ಲದೆ ಹೊಂದುವ ಎರಡು ತಂಡಗಳು ಇಲ್ಲಿವೆ. ಅಂಕಿಗಳು ಅಮೆರಿಕದ ಮಾರುಕಟ್ಟೆಯ ಬಾಟಲಿಗಳದ್ದು. ಬೇರೆ ದೇಶಗಳಿಗೆ ಹೋಗುವ ಬಾಟಲಿಯಲ್ಲಿ ಅದೇ ಹೆಸರಿಗೆ ಬೇರೆ ಪ್ರಮಾಣ ಇರಬಹುದು, ನಿಮ್ಮ ಲೇಬಲ್ ಓದಿಯೇ ಮುಂದುವರಿಯಿರಿ.

ಗಟ್ಟಿ ತಂಡ: ಇವಾನ್ ವಿಲಿಯಮ್ಸ್ ಬಾಟಲ್ಡ್ ಇನ್ ಬಾಂಡ್ (ಬಿಳಿ ಲೇಬಲ್, ಶೇ. 50), ಓಲ್ಡ್ ಗ್ರ್ಯಾಂಡ್-ಡ್ಯಾಡ್ ಬಾಂಡೆಡ್ (ಶೇ. 50), ವೈಲ್ಡ್ ಟರ್ಕಿ 101 (ಶೇ. 50.5). ಓಲ್ಡ್ ಗ್ರ್ಯಾಂಡ್-ಡ್ಯಾಡ್‌ನಲ್ಲಿ ರೈ ಪಾಲು ಎದ್ದು ಕಾಣುವಷ್ಟು ಹೆಚ್ಚು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ತಂಡ ನನಗೆ ಕಂಡಿಲ್ಲ.

ಮೆತ್ತನೆ ತಂಡ: ಮೇಕರ್ಸ್ ಮಾರ್ಕ್ (ಶೇ. 45), ಲಾರ್ಸನಿ (ಶೇ. 46), ಬಫಲೋ ಟ್ರೇಸ್ (ಶೇ. 45). ಮೊದಲೆರಡು ಗೋಧಿಯವು, ಮೂರನೆಯದು ರೈಯದು. ಗೋಧಿ ನಿಜವಾಗಿಯೂ ನಿಮಗೆ ಬೇರೆಯಾಗಿ ಕಾಣುತ್ತದೆಯೇ ಎಂದು ತಿಳಿಯಲು ಈ ಮೂರು ಸಾಕು.

ಜಿಮ್ ಬೀಮ್ ಬಿಳಿ ಲೇಬಲ್ (ಶೇ. 40), ಇವಾನ್ ವಿಲಿಯಮ್ಸ್ ಕಪ್ಪು ಲೇಬಲ್ (ಶೇ. 43), ಓಲ್ಡ್ ಫಾರೆಸ್ಟರ್ (ಶೇ. 43) ಇವನ್ನೂ ಜೊತೆಗೂಡಿಸಬಹುದು. ಆದರೆ ಜಿಮ್ ಬೀಮ್ ಬಿಳಿಯನ್ನು ವೈಲ್ಡ್ ಟರ್ಕಿ 101ರ ಪಕ್ಕ ನೇರವಾಗಿ ಇಡಬೇಡಿ. ಅಲ್ಲಿ ನೀವು ಹೋಲಿಸುವುದು ಶೇ. 40 ಮತ್ತು 50.5ರ ನಡುವಿನ ಘಾಟನ್ನೇ ಹೊರತು ಬೇರೇನನ್ನೂ ಅಲ್ಲ.

ಮೂರೂ ಬಾಟಲಿಗಳ ಮುಚ್ಚಳವನ್ನು ಒಂದೇ ದಿನ ತೆಗೆಯಿರಿ. ಹೊಸ ಬಾಟಲಿಯ ಪಕ್ಕದಲ್ಲಿ, ವರ್ಷದಿಂದ ತಳದಲ್ಲಿ ನಾಲ್ಕು ಬೆರಳು ಉಳಿದಿರುವ ಹಳೆಯ ಬಾಟಲಿಯನ್ನು ಕೂರಿಸುವುದು ಅನ್ಯಾಯ. ಗಾಳಿ ತಾಗಿ ತಾಗಿ ಅದರ ಕಂಪು ಆಗಲೇ ಇಳಿದಿರುತ್ತದೆ.

ಹಂತ 3: ಸಾಮಾನು ಜೋಡಿಸಿಕೊಳ್ಳಿ

ಬೇಕಾದದ್ದು ಇಷ್ಟು: ಒಂದೇ ಅಚ್ಚಿನ ನಾಲ್ಕು ಗ್ಲಾಸು, ಅವನ್ನು ಮುಚ್ಚಲು ನಾಲ್ಕು ಸಣ್ಣ ತಟ್ಟೆ, ಔಷಧಿ ಅಂಗಡಿಯಲ್ಲಿ ಸಿಗುವ ಸೂಜಿಯಿಲ್ಲದ ಹೊಸ ಸಿರಿಂಜು (20 ಮಿಲಿಯದು ಒಂದು, 5 ಮಿಲಿಯದು ಒಂದು), ಅಂಟುಚೀಟಿ, ಪೆನ್ಸಿಲ್, ಕಾಗದ, ಕುಡಿಯುವ ನೀರು, ಉಪ್ಪಿಲ್ಲದ ಬಿಸ್ಕತ್ತು ಅಥವಾ ಬರಿಯ ಬ್ರೆಡ್ಡು, ಉಗುಳಲು ಒಂದು ಲೋಟ.

ಗ್ಲಾಸು ಬಾಯಿಯ ಹತ್ತಿರ ಒಳಕ್ಕೆ ಬಾಗಿದ್ದರೆ ಕಂಪು ಒಳಗೇ ನಿಲ್ಲುತ್ತದೆ. ವಿಸ್ಕಿಗೆಂದೇ ಮಾಡಿದ ಗ್ಲೆನ್‌ಕೇರ್ನ್ ಗ್ಲಾಸಿನ ಆಕಾರ ಅದಕ್ಕಾಗಿಯೇ ಹಾಗಿದೆ. ಅದಿಲ್ಲದಿದ್ದರೆ ಸಣ್ಣ ವೈನ್ ಗ್ಲಾಸು ನಡೆಯುತ್ತದೆ. ನಾಲ್ಕೂ ಒಂದೇ ತರ ಇರಬೇಕು ಎನ್ನುವುದು ಆಕಾರಕ್ಕಿಂತ ಮುಖ್ಯ.

ಈಗ ಬಹಳ ಜನ ಬಿಟ್ಟುಬಿಡುವ ಕೆಲಸ. ಖಾಲಿ ಗ್ಲಾಸನ್ನು ಬಾಯಿಯ ಹತ್ತಿರ ಹಿಡಿದು, "ಹಾ" ಎಂದು ಬಿಸಿ ಉಸಿರು ಬಿಡಿ. ಒಳಗೋಡೆ ಮಬ್ಬಾಗುತ್ತದೆ. ತಕ್ಷಣ ಮೂಗಿಟ್ಟು ಮೂಸಿ. ಒಣ ಗ್ಲಾಸಿನಲ್ಲಿ ಏನೂ ಗೊತ್ತಾಗದಿದ್ದರೂ ಈ ಮಬ್ಬಿನಲ್ಲಿ ಸೋಪಿನ ವಾಸನೆ, ಒರೆಸಿದ ಬಟ್ಟೆಯ ಕಮಟು, ಕಪಾಟಿನ ಮರದ ವಾಸನೆ ಎದ್ದು ಬರುತ್ತದೆ. ಒಮ್ಮೆ ನಾನು ಒಂದು ಗ್ಲಾಸಿನ ಬಗ್ಗೆ "ಹಳೆಯ ಓಕ್, ಸ್ವಲ್ಪ ಧೂಳು" ಎಂದು ಅರ್ಧ ಪುಟ ಬರೆದಿದ್ದೆ. ಮರುದಿನ ಆ ಖಾಲಿ ಗ್ಲಾಸಿಗೆ ಉಸಿರು ಬಿಟ್ಟು ನೋಡಿದರೆ ಅದೇ ಧೂಳು, ಅದೇ ಮರ. ಅಂದಿನಿಂದ ಬರೀ ಬಿಸಿನೀರಿನಲ್ಲಿ ಮೂರು ಸಲ ಜಾಲಿಸಿ, ಬಟ್ಟೆಯಿಂದ ಒರೆಸದೆ, ಗಾಳಿಗೆ ಒಣಗಲು ಬಿಡುತ್ತೇನೆ.

ಒಬ್ಬರಿಗೆ ಒಂದು ಗ್ಲಾಸಿಗೆ 15 ಮಿಲಿ. ನಾಲ್ಕು ಗ್ಲಾಸಿಗೆ 60 ಮಿಲಿ. ಶೇ. 50ರ ಬರ್ಬನ್ ಆದರೆ ಇದರಲ್ಲಿ ಸುಮಾರು 24 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಅಮೆರಿಕದಲ್ಲಿ ಒಂದು ಪ್ರಮಾಣಿತ ಪೆಗ್‌ಗೆ 14 ಗ್ರಾಂ ಎಂದು ಲೆಕ್ಕ, ಅಂದರೆ ಇದು ಒಂದೂವರೆಗಿಂತ ಹೆಚ್ಚಾಯಿತು. ಉಗುಳುವ ಲೋಟವನ್ನು ಮರ್ಯಾದೆಗಾಗಿ ಬದಿಗಿಡಬೇಡಿ, ಬಳಸಿ. ನಾಲ್ಕನೇ ಗ್ಲಾಸಿಗೂ ಮೊದಲನೆಯದರಷ್ಟೇ ಸ್ವಚ್ಛ ತಲೆ ಸಿಗಬೇಕೆಂದರೆ ಬೇರೆ ದಾರಿಯಿಲ್ಲ. ಅಂದು ವಾಹನ ಓಡಿಸುವವರು, ಔಷಧಿ ತೆಗೆದುಕೊಳ್ಳುತ್ತಿರುವವರು, ಗರ್ಭಿಣಿಯರು, ಕಾನೂನಿನ ವಯಸ್ಸು (ಅಮೆರಿಕದಲ್ಲಿ 21) ತುಂಬದವರು ಈ ಮೇಜಿಗೆ ಬರಬಾರದು. ಕುಡಿತ ಬಿಟ್ಟವರನ್ನು ಸುರಿಯುವ ಕೆಲಸಕ್ಕೂ ಕರೆಯಬೇಡಿ.

ಹಂತ 4: ಪ್ರಮಾಣ ಸಮ ಮಾಡುವುದು (ಬೇಕಿದ್ದವರಿಗೆ ಮಾತ್ರ)

ಪ್ರಮಾಣ ಬೇರೆ ಬೇರೆ ಇದ್ದು, ಎರಡನೆಯ ಪ್ರಶ್ನೆ ಆರಿಸಿಕೊಂಡಿದ್ದರೆ ಎಲ್ಲವನ್ನೂ ತಂಡದಲ್ಲಿ ಅತಿ ಕಡಿಮೆ ಇರುವುದರ ಮಟ್ಟಕ್ಕೆ ಇಳಿಸಿ. ಲೆಕ್ಕ ಹೀಗೆ: ಬರ್ಬನ್ ಎಷ್ಟು ಮಿಲಿ ಇದೆಯೋ ಅದನ್ನು ಈಗಿನ ಪ್ರಮಾಣದಿಂದ ಗುಣಿಸಿ, ಬೇಕಾದ ಪ್ರಮಾಣದಿಂದ ಭಾಗಿಸಿ. ಬಂದದ್ದು ಒಟ್ಟು ಎಷ್ಟಾಗಬೇಕು ಎಂಬ ಅಳತೆ. ಮೊದಲಿದ್ದದ್ದನ್ನು ಕಳೆದರೆ ಸೇರಿಸಬೇಕಾದ ನೀರು.

ಶೇ. 50.5ರ 40 ಮಿಲಿಯನ್ನು ಶೇ. 43ಕ್ಕೆ ತರಲು 7 ಮಿಲಿ ನೀರು ಬೇಕು. ಶೇ. 50ರದ್ದಾದರೆ 6.5 ಮಿಲಿ.

ನೀರನ್ನು ನೇರವಾಗಿ ಟೇಸ್ಟಿಂಗ್ ಗ್ಲಾಸಿಗೆ ಹಾಕುವುದು ಇಲ್ಲಿಯ ದೊಡ್ಡ ತಪ್ಪು. 15 ಮಿಲಿಗೆ ಎರಡೂವರೆ ಮಿಲಿ ನೀರು ಸೇರಿದರೆ ಆ ಗ್ಲಾಸಿನ ಮಟ್ಟ ಏರುತ್ತದೆ, ಕಣ್ಣಿಗೆ ಗುಟ್ಟು ಬಿಟ್ಟುಕೊಡುತ್ತದೆ. ಬೇರೆ ಸೀಸೆಯಲ್ಲಿ 40 ಮಿಲಿಯಷ್ಟನ್ನು ಬೆರೆಸಿ, ಅರ್ಧ ಗಂಟೆ ಮುಚ್ಚಿಟ್ಟು, ಅದರಿಂದ 15 ಮಿಲಿ ಅಳೆದು ತೆಗೆಯಿರಿ. ನೀರಿಗೆ ತನ್ನದೇ ರುಚಿ ಇರಬಾರದು, ಕ್ಲೋರಿನ್ ವಾಸನೆ ಇದ್ದರಂತೂ ಬೇಡವೇ ಬೇಡ.

ಹಂತ 5: ಗುರುತು ಮುಚ್ಚುವುದು

ಎಲ್ಲರೂ ಇಲ್ಲೇ ಎಡವುವುದು, ಹಾಗಾಗಿ ಈ ಹಂತವನ್ನು ನಿಧಾನವಾಗಿ ಓದಿ.

ಸಹಾಯಕ್ಕೆ ಒಬ್ಬರು ಇದ್ದರೆ: ಅವರು ಬೇರೆ ಕೋಣೆಯಲ್ಲಿ ಸಿರಿಂಜಿನಿಂದ ಅಳೆದು ಗ್ಲಾಸಿಗೆ ಹಾಕಬೇಕು. ಒಂದು ಬಾಟಲಿಯಿಂದ ಇನ್ನೊಂದಕ್ಕೆ ಹೋಗುವಾಗ ಸಿರಿಂಜನ್ನು ನೀರಿನಲ್ಲಿ ತೊಳೆದು ಚೆನ್ನಾಗಿ ಕೊಡವಬೇಕು. ಯಾವ ಬಾಟಲಿಯನ್ನು ಅವಳಿ ಮಾಡಬೇಕೆಂದು ಚೀಟಿ ಎತ್ತಿ ತೀರ್ಮಾನಿಸುವವರೂ ಅವರೇ. ಗ್ಲಾಸಿಗೆ 1, 2, 3 ಅಥವಾ ಎ, ಬಿ, ಸಿ ಎಂದು ಬರೆಯಬಾರದು. ಒಂದು ಎಂದರೆ ಮೇಲು ಎಂಬ ಭಾವ ಮನಸ್ಸಿನ ಮೂಲೆಯಲ್ಲಿ ಕೂತಿರುತ್ತದೆ. 472, 815, 369, 638 ಇಂಥ ಅರ್ಥವಿಲ್ಲದ ಮೂರಂಕಿ ಸಂಖ್ಯೆ ಕೊಡಿ. ರುಚಿ ಪರೀಕ್ಷೆಯ ಪ್ರಯೋಗಾಲಯಗಳಲ್ಲೂ ರೂಢಿ ಇದೇ. ಯಾವ ಸಂಖ್ಯೆ ಯಾವ ಬಾಟಲಿ ಎಂದು ಬರೆದ ಚೀಟಿಯನ್ನು ಲಕೋಟೆಯಲ್ಲಿ ಮುಚ್ಚಿ, ಗ್ಲಾಸುಗಳನ್ನು ಮೇಜಿನ ಮೇಲಿಟ್ಟು, ಸುರಿದವರು ಹೊರಗೆ ಹೋಗಬೇಕು. ಅಲ್ಲೇ ನಿಂತರೆ ಅವರ ಹುಬ್ಬು ಏರಿದ್ದು, ಉಸಿರು ಬಿಗಿಹಿಡಿದದ್ದು, ಎಲ್ಲವೂ ನಿಮಗೆ ಉತ್ತರ ಹೇಳುತ್ತಿರುತ್ತದೆ. ಹೇಳುತ್ತಿದೆ ಎಂದು ಅವರಿಗೂ ತಿಳಿಯುವುದಿಲ್ಲ, ನಿಮಗೂ ತಿಳಿಯುವುದಿಲ್ಲ.

ಸುರಿದವರಿಗೂ ರುಚಿ ನೋಡುವ ಆಸೆಯಿದ್ದರೆ ಸಂಖ್ಯೆ ಕೊಡುವ ಕೆಲಸವನ್ನು ಹಂಚಿ. ಮೊದಲನೆಯವರು ಬಾಟಲಿಯಿಂದ ಒಂದೇ ತರದ ನಾಲ್ಕು ಸಣ್ಣ ಸೀಸೆಗಳಿಗೆ ಹಾಕಿ ನಾಲ್ಕು ಬಣ್ಣದ ಚುಕ್ಕೆ ಅಂಟಿಸಲಿ. ಎರಡನೆಯವರು ಆ ಸೀಸೆಗಳಿಂದ ಗ್ಲಾಸಿಗೆ ಹಾಕಿ ಮೂರಂಕಿ ಸಂಖ್ಯೆ ಕೊಡಲಿ. ಆಮೇಲೆ ಮೇಜಿಗೆ ಬಂದ ಯಾರಿಗೂ ಪೂರ್ತಿ ಗುಟ್ಟು ಗೊತ್ತಿರುವುದಿಲ್ಲ.

ಒಬ್ಬರೇ ಇದ್ದರೆ: ಬಾಟಲಿಯ ಹೆಸರನ್ನು ಅಂಟುಚೀಟಿಯ ಮೇಲೆ ಬರೆದು ಗ್ಲಾಸಿನ ತಳಕ್ಕೆ, ಬರಹ ಮೇಜಿನ ಕಡೆಗೆ ಇರುವಂತೆ ಅಂಟಿಸಿ. ಪೆನ್ಸಿಲ್‌ನಲ್ಲೇ ಬರೆಯಿರಿ, ಮೇಲೊಂದು ಖಾಲಿ ಚೀಟಿಯನ್ನೂ ಅಂಟಿಸಿ. ಶಾಯಿಯಾದರೆ ಕಾಗದದ ಹಿಂಬದಿಗೆ ಇಣುಕುತ್ತದೆ, ಬರ್ಬನ್ ಭೂತಗನ್ನಡಿಯ ಹಾಗೆ ಅದನ್ನು ದೊಡ್ಡದು ಮಾಡಿ ತೋರಿಸುತ್ತದೆ. ಮೇಲಿನಿಂದ ನೋಡಿದರೆ ಅಕ್ಷರಗಳ ನೆರಳು ಕಾಣುತ್ತದೆ. ಅಳೆದು ಹಾಕಿ, ತಟ್ಟೆ ಮುಚ್ಚಿ, ನಾಲ್ಕನ್ನೂ ನುಣ್ಣನೆಯ ಟ್ರೇ ಮೇಲಿಡಿ. ಕಣ್ಣು ಮುಚ್ಚಿ ಎರಡೆರಡನ್ನು ಅದಲುಬದಲು ಮಾಡುತ್ತಾ ಹೋಗಿ, ಇಪ್ಪತ್ತು ಸಲವಾದರೂ. ಮನಸ್ಸು ಲೆಕ್ಕ ಇಡಲು ಹವಣಿಸುತ್ತದೆ, ಅದನ್ನು ತಪ್ಪಿಸಲು ಜೋರಾಗಿ ಮಗ್ಗಿ ಹೇಳಿಕೊಳ್ಳಿ. ಆಮೇಲೆ ಕಣ್ಣು ತೆರೆದು ಎಡದಿಂದ ಬಲಕ್ಕೆ ಮೂರಂಕಿ ಸಂಖ್ಯೆ ಅಂಟಿಸಿ.

ಬಣ್ಣವನ್ನು ಮರೆಯಬೇಡಿ. ಸ್ಟ್ರೇಟ್ ಬರ್ಬನ್‌ಗೆ ಹೊರಗಿನ ಬಣ್ಣ ಬೆರೆಸುವಂತಿಲ್ಲ. ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಿಂದಲೇ ಅದು ಬರಬೇಕು. ಆದ್ದರಿಂದ ಗಾಢ ಬಣ್ಣ ಕಂಡ ಕೂಡಲೇ "ಇದು ಹಳೆಯದು, ಗಟ್ಟಿಯದು" ಎಂದು ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ. ದೀಪ ತಗ್ಗಿಸಿ, ಇಲ್ಲವೇ ಗ್ಲಾಸಿನ ಹೊರಮೈಗೆ ಕಾಗದ ಸುತ್ತಿ. ಗ್ಲಾಸನ್ನು ತಿರುಗಿಸಿ ಗೋಡೆಯ ಮೇಲೆ ಇಳಿಯುವ ಹನಿಗಳ ಸಾಲು ನೋಡುವ ಅಭ್ಯಾಸವನ್ನೂ ಅಂದಿನ ಮಟ್ಟಿಗೆ ಬಿಡಿ, ಅದು ಆಲ್ಕೋಹಾಲ್ ಪ್ರಮಾಣದ ಸುಳಿವು.

ಹಂತ 6: ಕೂರುವ ಮುನ್ನ

ಊಟವಾಗಿ ಒಂದೂವರೆ ಎರಡು ಗಂಟೆ ಕಳೆದಿರಲಿ. ಹಸಿದ ಹೊಟ್ಟೆ ಬೇಡ, ಭರ್ತಿ ಹೊಟ್ಟೆಯೂ ಬೇಡ. ಅಂದು ಖಾರ, ಬೆಳ್ಳುಳ್ಳಿ, ಕಾಫಿ, ಸಿಗರೇಟು ದೂರ. ಸುಗಂಧ ಹಚ್ಚಿಕೊಳ್ಳಬೇಡಿ, ಕೈಯನ್ನು ವಾಸನೆಯಿಲ್ಲದ ಸೋಪಿನಲ್ಲಿ ತೊಳೆಯಿರಿ. ನೆಗಡಿಯಿದ್ದರೆ ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಐಸ್ ಹಾಕಿದರೆ ಕಂಪು ಮುದುಡುತ್ತದೆ, ಬೇಡ.

ಗ್ಲಾಸಿಗೆ ಹಾಕಿದ ಮೇಲೆ ಹತ್ತು ನಿಮಿಷ ಮುಚ್ಚಿದಂತೆಯೇ ಇರಲಿ. ನಾಲ್ಕಕ್ಕೂ ಒಂದೇ ಕಾಲಾವಕಾಶ ಸಿಗಬೇಕು.

ಹಂತ 7: ಮೂಸುವುದು, ಗುಟುಕು, ಬರೆಯುವುದು

ಮೊದಲು ತಂಡದಲ್ಲಿ ಇಲ್ಲದ ಬೇರೊಂದು ಬರ್ಬನ್‌ನ ಅರ್ಧ ಚಮಚ ಬಾಯಿಗೆ ಹಾಕಿಕೊಂಡು, ಸುತ್ತ ಆಡಿಸಿ, ಉಗುಳಿ. ದಿನದ ಮೊದಲ ಗುಟುಕು ಯಾವತ್ತೂ ಸುಡುತ್ತದೆ. ಆ ಸುಡುವಿಕೆಯನ್ನು ತಂಡದ ಯಾವುದೋ ಒಂದು ಗ್ಲಾಸು ಹೊರುವುದು ಸರಿಯಲ್ಲ. ನೀರು ಕುಡಿದು ಎರಡು ನಿಮಿಷ ಬಿಡಿ.

ಈಗ ನಾಲ್ಕನ್ನೂ ಬರೀ ಮೂಸಿ, ಕುಡಿಯಬೇಡಿ. ತಟ್ಟೆ ಸರಿಸಿ, ಗ್ಲಾಸನ್ನು ಗಲ್ಲದ ಹತ್ತಿರ ತನ್ನಿ, ಬಾಯಿ ಸ್ವಲ್ಪ ತೆರೆದಿರಲಿ, ಮೆಲ್ಲಗೆ ಉಸಿರೆಳೆಯಿರಿ. ಆಮೇಲೆ ತುಟಿಯ ಮಟ್ಟಕ್ಕೆ ಏರಿಸಿ. ಮೂಗನ್ನು ಒಮ್ಮೆಗೇ ಒಳಗೆ ತೂರಿಸಿದರೆ ಘಾಟು ಹೊಡೆದು ಕೆಲವು ನಿಮಿಷ ಮೂಗು ಮಂದವಾಗುತ್ತದೆ. ಎರಡು ಮೂರು ಸಲ ಎಳೆದದ್ದು ಸಾಕು, ಮುಚ್ಚಿ ಮುಂದಿನದಕ್ಕೆ ಹೋಗಿ. ನಡುವೆ ಮೂಗು ಸೋತರೆ ನಿಮ್ಮ ಮುಂಗೈಯನ್ನೇ ಮೂಸಿ, ಅದು ನಿಮ್ಮ ಮೂಗಿಗೆ ದಿನಾ ಒಗ್ಗಿದ ವಾಸನೆ. ಕಾಫಿ ಬೀಜ ಮೂಸುವ ಪದ್ಧತಿ ನನಗೆ ಹಿಡಿಸುವುದಿಲ್ಲ, ಒಂದು ಗಾಢ ವಾಸನೆಯ ಮೇಲೆ ಇನ್ನೊಂದನ್ನು ಹೇರಿದಂತೆ.

ಸಿಕ್ಕಿದ ಪದವನ್ನು ಆಗಿಂದಾಗಲೇ ಬರೆಯಿರಿ. ಬಾಟಲಿಯ ಹಿಂದೆ ಅಚ್ಚಾದ ಪದಗಳು ಬೇಡ, ನಿಮ್ಮ ಮೂಗಿನ ನೆನಪಿನವು ಇರಲಿ: ಸುಟ್ಟ ಸಕ್ಕರೆ, ಹುರಿದ ಕಡಲೆಕಾಯಿ, ಕಿತ್ತಳೆ ಸಿಪ್ಪೆ, ಬಡಗಿಯ ಕೆಲಸದ ಜಾಗದ ಮರದ ಪುಡಿ, ಹೊಸ ಚರ್ಮ, ಚಕ್ಕೆ, ಬೇಯಿಸಿದ ಜೋಳ. "ಚೆನ್ನಾಗಿದೆ" ಎಂದು ಬರೆದರೆ ಮುಂದಿನ ವಾರ ಅದರಿಂದ ಏನೂ ತಿಳಿಯುವುದಿಲ್ಲ.

ಆಮೇಲೆ ಗುಟುಕು. ಅರ್ಧ ಚಮಚದಷ್ಟು, ಎರಡು ಮೂರು ಮಿಲಿ. ನಾಲಿಗೆಯ ತುದಿಯಿಂದ ಹಿಂದಕ್ಕೆ ಹರಿಯಲು ಬಿಟ್ಟು, ಮನಸ್ಸಿನಲ್ಲೇ ಎಂಟರವರೆಗೆ ಎಣಿಸಿ. ಮೂರು ಸಂಗತಿ ಗಮನಿಸಿ: ಮೊದಲು ಬಂದ ರುಚಿ ಯಾವುದು, ನಡುವೆ ಅದು ಏನಾಯಿತು, ನುಂಗಿದ ಅಥವಾ ಉಗುಳಿದ ಮೇಲೆ ಬಾಯಲ್ಲಿ ಎಷ್ಟು ಹೊತ್ತು ಏನು ಉಳಿಯಿತು. ಈ ಕೊನೆಯದನ್ನು ಗಡಿಯಾರ ನೋಡಿ ಸೆಕೆಂಡುಗಳಲ್ಲಿ ಬರೆಯಿರಿ. ಅಗ್ಗದ ಬರ್ಬನ್‌ಗಳ ನಡುವಿನ ವ್ಯತ್ಯಾಸ ಬಹಳ ಸಲ ಅಡಗಿರುವುದು ಅಲ್ಲೇ. ಒಂದು ಕ್ಯಾರಮೆಲ್‌ನಂತೆ ಶುರುವಾಗಿ ಐದು ಸೆಕೆಂಡಿಗೆ ನೀರಾಗುತ್ತದೆ. ಇನ್ನೊಂದು ಮೊದಲು ಮಾತೇ ಆಡದೆ, ಅರ್ಧ ನಿಮಿಷದ ನಂತರವೂ ದವಡೆಯ ಹಿಂದೆ ಚಕ್ಕೆಯ ಬಿಸಿ ಉಳಿಸಿರುತ್ತದೆ. ಓಕ್‌ನ ಒಗರು ನಾಲಿಗೆಯ ಅಂಚನ್ನು ಒಣಗಿಸುತ್ತಿದೆಯೇ ಎಂಬುದೂ ಈಗಲೇ ಗೊತ್ತಾಗುವುದು.

ನೀರು, ಒಂದು ಚೂರು ಬಿಸ್ಕತ್ತು, ಮತ್ತೆ ನೀರು, ಎರಡು ನಿಮಿಷ ಬಿಡುವು. ಆಮೇಲೆ ಮುಂದಿನ ಗ್ಲಾಸು.

ನಾಲ್ಕೂ ಮುಗಿದ ಮೇಲೆ ಬಲದಿಂದ ಎಡಕ್ಕೆ, ಹಿಮ್ಮುಖವಾಗಿ ಇನ್ನೊಂದು ಸುತ್ತು. ಇದನ್ನು ಬಿಡಬೇಡಿ. ಮೊದಲು ಬಂದದ್ದನ್ನು ಒಂದು ತರ, ಕೊನೆಗೆ ಬಂದದ್ದನ್ನು ಇನ್ನೊಂದು ತರ ಅಳೆಯುವುದು ಎಲ್ಲರಿಗೂ ಇರುವ ದೌರ್ಬಲ್ಯ, ಎರಡನೇ ಸುತ್ತು ಅದನ್ನು ಒಂದಿಷ್ಟು ಸರಿದೂಗಿಸುತ್ತದೆ. ಎರಡೂ ಸುತ್ತು ಮುಗಿಯುವವರೆಗೆ ಮೇಜಿನಲ್ಲಿ ಯಾರೂ ಮಾತನಾಡಬಾರದು. ಒಬ್ಬರು "ವೆನಿಲಾ!" ಎಂದರೆ ಸಾಕು, ಉಳಿದವರಿಗೆಲ್ಲ ಅದೇ ಸಿಗತೊಡಗುತ್ತದೆ.

ಹಂತ 8: ಸ್ಥಾನ ಕೊಡುವುದು

ನೂರಕ್ಕೆ ಇಷ್ಟು ಎಂಬ ಅಂಕ ಬೇಡ. 84ಕ್ಕೂ 86ಕ್ಕೂ ಏನು ವ್ಯತ್ಯಾಸ ಎಂದು ಕೇಳಿದರೆ ಕೊಟ್ಟವರಿಗೇ ಹೇಳಲಾಗದು. ಒಂದರಿಂದ ನಾಲ್ಕರವರೆಗೆ ಸ್ಥಾನ ಕೊಡಿ, ಸಮ ಎಂದು ಬರೆಯಬೇಡಿ, ಕಷ್ಟವಾದರೂ ಒಂದನ್ನು ಮೇಲಿಡಿ. ಪ್ರತಿಯೊಂದರ ಪಕ್ಕ "ಇದನ್ನು ಇನ್ನೊಂದು ಗ್ಲಾಸು ಕುಡಿಯುವೆನೇ?" ಎಂಬುದಕ್ಕೆ ಹೌದು ಅಥವಾ ಇಲ್ಲ. ಕೊನೆಗೆ, ಯಾವ ಎರಡು ಅವಳಿ ಎಂದು ನಿಮಗನ್ನಿಸುತ್ತದೋ ಆ ಎರಡು ಸಂಖ್ಯೆಗಳನ್ನು ಬರೆದು ಸುತ್ತು ಹಾಕಿ. ಇದನ್ನು ಬರೆಯುವ ಮುಂಚೆ ಲಕೋಟೆ ಮುಟ್ಟಬೇಡಿ.

ಹಂತ 9: ಲಕೋಟೆ ಒಡೆದ ಮೇಲೆ

ಕಣ್ಣು ಮೊದಲು ಹೋಗುವುದು ಗೆದ್ದದ್ದು ಯಾವುದು ಎಂಬ ಕಡೆಗೆ. ತಡೆದುಕೊಂಡು ಮೊದಲು ಅವಳಿಯನ್ನು ನೋಡಿ.

ಅವಳಿಗಳು 1 ಮತ್ತು 4ನೇ ಸ್ಥಾನದಲ್ಲಿದ್ದರೆ ಆ ಸಂಜೆಯ ಪಟ್ಟಿಯನ್ನು ಬದಿಗಿಡಿ. ಹತ್ತಿರದ ಸ್ಥಾನಗಳಲ್ಲಿದ್ದರೆ ಒಳ್ಳೆಯದು, ಆದರೆ ಸಂಭ್ರಮಿಸಲು ಅಷ್ಟೇ ಸಾಲದು. ನಾಲ್ಕು ಸ್ಥಾನಗಳಲ್ಲಿ ಎರಡನ್ನು ಆರು ರೀತಿಯಲ್ಲಿ ಆರಿಸಬಹುದು, ಅವುಗಳಲ್ಲಿ ಮೂರು ಅಕ್ಕಪಕ್ಕದವು. ಅಂದರೆ ಏನೂ ಗೊತ್ತಾಗದೆ ಸುಮ್ಮನೆ ಸ್ಥಾನ ಕೊಟ್ಟರೂ ಅರ್ಧದಷ್ಟು ಸಲ ಅವಳಿಗಳು ಅಕ್ಕಪಕ್ಕ ಬಂದೇ ಬರುತ್ತವೆ. ನೀವು ಸುತ್ತು ಹಾಕಿದ ಜೋಡಿಯೇ ಅವಳಿಯಾಗಿದ್ದರೆ ಅದಕ್ಕೆ ಹೆಚ್ಚು ತೂಕ ಕೊಡಿ. ಊಹೆಯಿಂದ ಅದು ಸರಿಯಾಗುವುದು ಆರರಲ್ಲಿ ಒಂದು ಸಲ. ಎರಡು ಸಂಜೆ ಸತತವಾಗಿ ಸರಿಯಾಗುವುದು 36ರಲ್ಲಿ ಒಂದು ಸಲ. ಎರಡನೇ ಸಂಜೆಯೂ ಅವಳಿಯನ್ನು ಹಿಡಿದಿರೆಂದರೆ ನಿಮ್ಮ ನಾಲಿಗೆಯ ಮೇಲೆ ನಂಬಿಕೆ ಇಡಬಹುದು.

ಹಾಗಾಗಿ ಒಂದೇ ತಂಡವನ್ನು ಮೂರು ಸಂಜೆ ಮಾಡಿ, ನಡುವೆ ಒಂದೆರಡು ದಿನ ಬಿಡುವು ಕೊಟ್ಟು. ಮೂರು ಬಾಟಲಿಗೂ ಒಂದೊಂದು ಸಂಜೆ ಅವಳಿಯಾಗುವ ಸರದಿ ಬರಲಿ, ಯಾವ ಸಂಜೆ ಯಾವುದು ಎಂದು ಸುರಿಯುವವರಿಗೆ ಮಾತ್ರ ಗೊತ್ತಿರಲಿ. ಒಬ್ಬರೇ ಮಾಡುವವರಿಗೆ ಅವಳಿ ಯಾವ ಬರ್ಬನ್ ಎಂಬುದು ತಿಳಿದಿರುತ್ತದೆ, ಆದರೂ ಯಾವ ಎರಡು ಗ್ಲಾಸು ಎಂಬುದು ತಿಳಿದಿರುವುದಿಲ್ಲ, ಪರೀಕ್ಷೆ ನಡೆಯುತ್ತದೆ. ಸ್ಥಾನ ಕೂಡಿಸುವಾಗ ಅವಳಿಯ ಎರಡು ಸ್ಥಾನಗಳ ಸರಾಸರಿ ಹಿಡಿಯಿರಿ: 2 ಮತ್ತು 3 ಬಂದಿದ್ದರೆ 2.5. ಮೂರು ಸಂಜೆಯ ಮೊತ್ತ ಯಾವುದಕ್ಕೆ ಕಡಿಮೆಯೋ ಅದು ನಿಮ್ಮ ಬಾಟಲಿ. ಒಂದಕ್ಕೆ 4.5, ಇನ್ನೊಂದಕ್ಕೆ 9 ಬಂದರೆ ಮಾತು ಮುಗಿಯಿತು. 7 ಮತ್ತು 7.5 ಬಂದರೆ ಮುಗಿಯಲಿಲ್ಲ, ಕೊನೆಯ ಹಂತಕ್ಕೆ ಹೋಗಿ.

ದಾರಿ ತಪ್ಪಿದ್ದರ ಗುರುತುಗಳು

ಮೂರು ಸಂಜೆಯೂ ಎಡತುದಿಯ ಗ್ಲಾಸೇ ಗೆದ್ದಿದ್ದರೆ, ಮೊದಲಿಗೆ ಬಾಯಿ ಒದ್ದೆ ಮಾಡುವ ಅರ್ಧ ಚಮಚವನ್ನೋ ಹಿಮ್ಮುಖ ಸುತ್ತನ್ನೋ ನೀವು ಬಿಟ್ಟಿದ್ದೀರಿ.

ನಾಲ್ಕೂ ಗ್ಲಾಸಿನ ಪಕ್ಕ "ವೆನಿಲಾ, ಕ್ಯಾರಮೆಲ್" ಎಂದೇ ಬರೆದಿದ್ದರೆ ಮೂಗು ಸೋತಿದೆ, ಇಲ್ಲವೇ ಓದಿದ ಪದಗಳನ್ನು ಬರೆಯುತ್ತಿದ್ದೀರಿ. ಹದಿನೈದು ನಿಮಿಷ ಹೊರಗಿನ ಗಾಳಿಗೆ ಹೋಗಿ ಬನ್ನಿ. ಅದಾದರೂ ಬದಲಾಗದಿದ್ದರೆ ಅಂದಿಗೆ ಮುಚ್ಚಿಡಿ.

ಯಾವಾಗಲೂ ಹೆಚ್ಚು ಪ್ರಮಾಣದ್ದೇ ಗೆಲ್ಲುತ್ತಿದ್ದರೆ ಹಂತ 4ರ ಹಾಗೆ ಸಮ ಮಾಡಿ ನೋಡಿ. ಆಗಲೂ ಗೆದ್ದರೆ ಆ ಗೆಲುವು ರುಚಿಯದ್ದು.

ಕೊನೆಕೊನೆಗೆ ಎಲ್ಲವೂ ರುಚಿಯಾಗುತ್ತಾ ಹೋದರೆ, ಬರಹ ಉದ್ದವಾಗಿ ಅಕ್ಷರ ಸೊಟ್ಟಗಾಗುತ್ತಿದ್ದರೆ ಅಮಲು ಏರಿದೆ. ಅಂದಿನ ಎರಡನೇ ಸುತ್ತನ್ನು ಲೆಕ್ಕಕ್ಕೆ ಹಿಡಿಯಬೇಡಿ, ಮುಂದಿನ ಸಲ 10 ಮಿಲಿಗೆ ಇಳಿಸಿ ಉಗುಳಿ.

"ಇದರಲ್ಲೊಂದು ದುಬಾರಿಯದು ಇದೆ" ಎಂದು ಯಾರಾದರೂ ಮೊದಲೇ ಹೇಳಿದ್ದರೆ ಆ ಸಂಜೆ ಕೆಟ್ಟಿತು. ಎಲ್ಲರೂ ರುಚಿ ನೋಡುವುದನ್ನು ಬಿಟ್ಟು ದುಬಾರಿಯದನ್ನು ಹುಡುಕಲು ಕೂರುತ್ತಾರೆ. ಯಾವ ಬಾಟಲಿಗಳು ತಂಡದಲ್ಲಿವೆ ಎಂಬುದನ್ನೇ ಹೇಳದಿರುವುದು ಎಲ್ಲಕ್ಕಿಂತ ಉತ್ತಮ.

ಹಂತ 10: ಎರಡರ ನಡುವೆ ಗೊಂದಲ ಉಳಿದರೆ ತ್ರಿಕೋನ ಪರೀಕ್ಷೆ

16 ಡಾಲರಿನದ್ದೂ 28 ಡಾಲರಿನದ್ದೂ ಮೊತ್ತದಲ್ಲಿ ಹತ್ತಿರ ಬಂದಿವೆ ಎಂದುಕೊಳ್ಳಿ. ಈಗ ಕೇಳಬೇಕಾದದ್ದು ಯಾವುದು ಮೇಲು ಎಂದಲ್ಲ, ಇವೆರಡು ನನಗೆ ಬೇರೆ ಬೇರೆಯಾಗಿ ಕಾಣುತ್ತವೆಯೇ ಎಂದು. ಮೂರು ಗ್ಲಾಸು, ಎರಡರಲ್ಲಿ ಒಂದೇ ಬರ್ಬನ್, ಒಂದರಲ್ಲಿ ಬೇರೆ. ಬೇರೆಯದನ್ನು ಹುಡುಕಬೇಕು.

ಜೋಡಿಸುವ ಕ್ರಮ ಆರು ಬಗೆ: ಅಅಬ, ಅಬಅ, ಬಅಅ, ಅಬಬ, ಬಅಬ, ಬಬಅ. ಸುರಿಯುವವರು ದಾಳ ಉರುಳಿಸಲಿ, ಬಿದ್ದ ಸಂಖ್ಯೆಯ ಕ್ರಮವನ್ನೇ ಇಡಲಿ. ಅವರ ಇಷ್ಟಕ್ಕೆ ಬಿಟ್ಟರೆ ಬೇರೆಯದನ್ನು ಮತ್ತೆ ಮತ್ತೆ ಮಧ್ಯದಲ್ಲೇ ಇಡುತ್ತಾರೆ. ಒಂದು ಗ್ಲಾಸಿಗೆ 5 ಮಿಲಿ. ಒಂದು ಸಂಜೆಗೆ ಮೂರು ಸುತ್ತು, ಒಟ್ಟು 45 ಮಿಲಿ. ಎರಡು ಸಂಜೆಗೆ ಆರು ಸುತ್ತು. ಪ್ರತಿ ಸುತ್ತಿನಲ್ಲೂ ಉತ್ತರ ಬರೆದೇ ಮುಂದೆ ಹೋಗಿ, ಸರಿಯೋ ತಪ್ಪೋ ಎಂದು ಆರೂ ಮುಗಿಯುವವರೆಗೆ ಕೇಳಬೇಡಿ.

ಬರೀ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ಆರರಲ್ಲಿ ಐದು ಅಥವಾ ಆರು ಸರಿಯಾಗಿದ್ದರೆ, ಊಹೆಯಿಂದ ಹಾಗಾಗುವ ಸಾಧ್ಯತೆ ಶೇ. 2ಕ್ಕಿಂತ ಕಡಿಮೆ. ಆಗ ವ್ಯತ್ಯಾಸ ನಿಮಗೆ ನಿಜಕ್ಕೂ ಗೊತ್ತಾಗುತ್ತಿದೆ. ನಾಲ್ಕು ಸರಿಯಾಗಿದ್ದರೆ ಅನುಮಾನ ಉಳಿಯುತ್ತದೆ, ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಊಹೆಯಿಂದಲೇ ಬರುವ ಸಾಧ್ಯತೆ ಸುಮಾರು ಶೇ. 10. ಇನ್ನೊಂದು ಸಂಜೆ ಕೂತು ನೋಡಿ. ಮೂರು ಅಥವಾ ಅದಕ್ಕಿಂತ ಕಡಿಮೆಯಾದರೆ 16 ಡಾಲರಿನದ್ದನ್ನೇ ತನ್ನಿ.

ಸಂಜೆ ಸಂಜೆಯ ನಡುವೆ ಬಾಟಲಿಗಳನ್ನು ಮುಚ್ಚಳ ಬಿಗಿಮಾಡಿ, ಬಿಸಿಲು ತಾಗದ ಕಡೆ ನೆಟ್ಟಗೆ ನಿಲ್ಲಿಸಿಡಿ. ವೈನ್‌ನಂತೆ ಮಲಗಿಸಿಟ್ಟರೆ ಗಟ್ಟಿ ಆಲ್ಕೋಹಾಲ್ ಬೆಂಡಿನ ಬಿರಡೆಯನ್ನು ತಿಂದು ಹಾಕುತ್ತದೆ. ಮುಂದಿನ ಸಂಜೆ ಗ್ಲಾಸಿನಲ್ಲಿ ಒದ್ದೆ ರಟ್ಟಿನ ಕಮಟು ಬಂದರೆ ಮೊದಲು ಆ ಬಿರಡೆಯನ್ನು ತೆಗೆದು ಮೂಸಿ ನೋಡಿ.